ಗಂಟೆ ಬಿಚ್ಚಿದ ಸೈಕಲ್ಲು

ಟಾಯರಿನ ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡಿರುವುದು ಕೆಮ್ಮಣ್ಣಲ್ಲ, ಮಣ್ಣಾಗಿದ್ದರೆ ಇಷ್ಟೊತ್ತಿಗೆ ಒಣಗಿ ಉದುರುತ್ತಿತ್ತು, ಮೇಲೊಂದು ಹಸಿರು ನೊಣ ಕೂತಿದೆ, ಬ್ರಷ್ಷು ಹತ್ತಿರ ಒಯ್ದರೂ ಏಳುತ್ತಿಲ್ಲ — ಕ್ಷಮಿಸಬೇಕು, ಇಂಥದನ್ನು ಹೇಳಬಾರದು, ಮನಸ್ಸಿನೊಳಗೆ ಹೇಳಿಕೊಳ್ಳಲೂಬಾರದು, ಯಾರ ಕ್ಷಮೆ ಕೇಳುತ್ತಿದ್ದೇನೋ, ಇಲ್ಲಿ ಯಾರೂ ಇಲ್ಲ, ತೋಟದ ಮನೆಯ ಹಿಂದಿನ ನೀರಿನ ಟಾಕಿ, ಮೂರು ಸೈಕಲ್ಲು, ನಾನು, ಅಷ್ಟೇ, ಆದರೂ ಮೊದಲು ಕ್ಷಮೆ ಕೇಳುವುದು ನನ್ನ ಚಾಳಿ, ಹುಬ್ಬಳ್ಳಿಯಲ್ಲಿ ಸೈಕಲ್ ಅಂಗಡಿಯಲ್ಲಿ ದುಡಿಯುತ್ತ ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗಲೂ ಹಾಗೇ, ತಪ್ಪಿದ್ರ ಮಾಫಿ ಇರ್ಲಿ ಸರ್ ಅಂದ ಮೇಲೇ ನನ್ನ ಉತ್ತರ, ಹಿಂದಿನ ಬೆಂಚಿನವರು ನಗುತ್ತಿದ್ದರು, ಮುಜಮ್ಮಿಲ ಮಾಫಿ ಎಂದೇ ಹೆಸರಿಟ್ಟಿದ್ದರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಹಲ್ಲಿನ ಸಂದಿಯನ್ನು ಕೆರೆಯುತ್ತೇನೆ, ಸಾಬೂನಿನ ನೀರು ಮೊಣಕೈಯವರೆಗೆ ಇಳಿಯುತ್ತದೆ, ಲಿಂಬೆ ವಾಸನೆಯ ಸಾಬೂನು, ಲಿಂಬೆಯೂ ಅದೂ ಕೂಡಿ ಮೂಗಿಗೆ ಬರುವ ಈ ಮೂರನೆಯ ವಾಸನೆ, ಇನ್ನು ಮುಂದೆ ಲಿಂಬೆಹಣ್ಣು ತಿನ್ನಲಾರೆ, ಇನ್ನಷ್ಟು ನೊರೆ ಸುರಿಯುತ್ತೇನೆ. ಒಳಗೆ ಪಡಸಾಲೆಯಲ್ಲಿ ಈ ಸೈಕಲ್ಲು ಹೊಡೆದುಕೊಂಡು ಬಂದ ಮೂವರು ನಾಷ್ಟಾ ಮಾಡುತ್ತಿದ್ದಾರೆ, ಲೋಹಿತನ ನಗು ಕೇಳಿಸುತ್ತದೆ, ಮಿರ್ಚಿ ಕಚ್ಚಿದ ಬಾಯಿಯ ನಗು, ಹಾ ಹಾ ಎಂದು ಖಾರ ಊದಿಕೊಳ್ಳುವುದೂ ನಗುವುದೂ ಒಟ್ಟಿಗೆ. ಅಲ್ಲಿಂದಲೇ ಕೂಗುತ್ತಾನೆ, ಮುಜಮ್ಮಿಲ ಭಾಯ್, ಚೊಲೋತ್ನಂಗ ತೊಳೀರಿ, ನನ್ನ ಗಾಡಿ ಟಾಯರ್ ಅಂತೂ ಮೈಲಿಗಿ ಆಗೇತಿ. ಮೈಲಿಗೆ, ಅವನಿಗೆ ಟಾಯರ್ ಮೈಲಿಗೆ.

ಪೈಪಿನಿಂದ ನೀರು ಧೋ ಎಂದು ಬರುತ್ತಿದೆ, ಬೋರಿನ ನೀರು, ಮೂರು ಸೈಕಲ್ಲಿಗೆ ಇಷ್ಟು ನೀರು, ಇವರು ಹಾದು ಬಂದ ಆ ಊರಲ್ಲಿ ನಳ ಬರುವುದು ಆರು ದಿನಕ್ಕೊಮ್ಮೆ, ಅಲ್ಲಿಯ ಕುರಿ ಕಾಯುವ ಬೀರಪ್ಪನೇ ಹೇಳಿದ್ದ, ಮನೆಮನೆಗೆ ಪಾಯಖಾನೆ ಕಟ್ಟ್ಯಾರರಿ, ಬಾಗಲಾ ಚಂದ ಅದಾವ, ಒಳಗ ಕುಳ್ಳು ಕಟಗಿ ಒಟ್ಟೇವಿ, ನೀರ ಎಲ್ಲಿಂದ ತರೂದರಿ. ಊರಿನ ಹೆಸರು ಹೇಳುವುದಿಲ್ಲ, ಈ ತಲೆಯೊಳಗೂ ಹೇಳುವುದಿಲ್ಲ, ಬಂಕಾಪುರ ದಾಟಿ ಹಾನಗಲ್ಲಿನ ಕಡೆಗೆ ಗುಡ್ಡದ ಸಾಲು ಏಳುತ್ತದಲ್ಲ, ಅದರ ಸೆರಗಿಗೆ — ಸೆರಗು, ಯಾಕೆ ಆ ಮಾತು ಬಂತು, ಬುಡಕ್ಕೆ ಎನ್ನಬೇಕು, ಗುಡ್ಡದ ಬುಡಕ್ಕೆ ಒಂದು ಊರು, ಅಷ್ಟು ಸಾಕು. ಎರಡು ತಿಂಗಳ ಹಿಂದೆ ಲೋಹಿತ ಸವಣೂರಿನ ನಮ್ಮ ಅಂಗಡಿಗೆ ಬಂದಾಗ ನನ್ನ ಅಬ್ಬಾ ಕೂತಿದ್ದರು, ಹಜರತಅಲಿ ಸೈಕಲ್ ಮಾರ್ಟ್ ಎಂದು ಅವರ ಹೆಸರಿನದೇ ಬೋರ್ಡು, ಲೋಹಿತ ಹುಬ್ಬಳ್ಳಿಯವನು, ಪೇಟೆಯ ಮಂದಿಗೆ ಸೈಕಲ್ ಮೇಲೆ ಹಳ್ಳಿಗಾಡು ತೋರಿಸುವ ಧಂದೆ, ಗರಸಿನ ರಸ್ತೆ ಬೇಕು ಭಾಯ್, ಡಾಂಬರ್ ಬ್ಯಾಡ, ಲಾರಿ ಬ್ಯಾಡ, ಬಸ್ ಬ್ಯಾಡ, ಮಂದೀನೂ ಬ್ಯಾಡ, ಗುಡ್ಡಾ ಬೇಕು, ಸುಮ್ಮನ ಗಾಳಿ ಸಪ್ಪಳ ಕೇಳ್ಕೋತ ಹೋಗೂವಂಥಾದ್ದು. ಅಬ್ಬಾ ಕೇಳಿದರು, ಮಂದಿ ಇಲ್ಲದ ದಾರಿ ಅಂದ್ರ ಗೋರಸ್ತಾನದ ದಾರಿ ಅಲ್ಲೇನೋ ಪಾ? ಎಲ್ಲರೂ ನಕ್ಕೆವು, ನಾನೂ ನಕ್ಕೆ. ಸಂಜೆ ಕಾಲೇಜಿನಲ್ಲಿ ಭೂಗೋಳ ನನ್ನ ವಿಷಯ, ನಕಾಶೆ ಓದುವ ಪ್ರಶ್ನೆಯಲ್ಲಿ ನನಗೆ ಪೂರ್ತಿ ಅಂಕ, ಹನ್ನೆರಡು ವರ್ಷ ಅದು ಯಾವ ಉಪಯೋಗಕ್ಕೂ ಬಂದಿರಲಿಲ್ಲ, ಈಗ ಬಂತು ಎಂದು ಎದೆಯುಬ್ಬಿತು. ಹದಿನೇಳು ದಿನ ತಿರುಗಿದೆ, ಸವಣೂರಿನ ಎಲೆತೋಟದ ಸಂದಿಗಳಿಂದ ಶಿಗ್ಗಾವಿ, ಅಲ್ಲಿಂದ ಹಾನಗಲ್ಲು, ಕೊನೆಗೆ ಹಿರೇಕೆರೂರು ದಾಟಿ ಅಬಲೂರು, ಡಾಂಬರು ಒಟ್ಟು ಹನ್ನೊಂದೇ ಕಿಲೋಮೀಟರ್, ಉಳಿದದ್ದೆಲ್ಲ ಚಕ್ಕಡಿ ದಾರಿ, ಕಾಲುವೆ ಏರಿ, ಗುಡ್ಡದ ಗರಸು, ಪ್ರತಿಯೊಂದು ಕವಲನ್ನೂ ಎರಡೆರಡು ಸಲ ಹೋಗಿ ನೋಡಿದೆ, ನೋಟುಬುಕ್ಕಿನಲ್ಲಿ ಬರೆದೆ, ಕಲ್ಲುಗಳ ಮೇಲೆ ಸುಣ್ಣದಿಂದ ಬಾಣದ ಗುರುತು ಹಾಕಿದೆ, ನೆಟ್ಟಗೆ ಬಾರದ ಬಾಣವನ್ನು ಅಳಿಸಿ ಮತ್ತೆ ಹಾಕಿದೆ. ಬೆಳಗಿನ ಐದೂವರೆಗೆ ಹೋಗಿ ಮಾತ್ರ ನೋಡಲಿಲ್ಲ. ಎರಡೂ ಸಲ ನಡುಮಧ್ಯಾಹ್ನ.

ನಡುಮಧ್ಯಾಹ್ನ, ಬಿಸಿಲು ಕಲ್ಲಿನಿಂದ ಪುಟಿದು ಕಣ್ಣಿಗೆ ಬರುತ್ತಿದೆ, ಬೇವಿನ ಗಿಡದ ಕೆಳಗೆ ಬೀರಪ್ಪ ಕುರಿ ಬಿಟ್ಟುಕೊಂಡು ಕೂತಿದ್ದಾನೆ, ನಾನು ಸೈಕಲ್ ನಿಲ್ಲಿಸಿ ಕೇಳುತ್ತೇನೆ, ಕಾಕಾ, ಗುಡ್ಡದ ಮಗ್ಗಲಿಗೆ ಹೋಗ್ತೇತಲ್ಲ ಆ ದಾರಿ, ಅಲ್ಲಿ ಗಾಡಿಗೀಡಿ ತಿರುಗ್ತಾವೇನು? ಯಾ ಗಾಡಿನೂ ತಿರುಗಂಗಿಲ್ಲ ತಗೋರಿ ಸಾಬ್ರ. ಮಂದಿ? ಗಂಡಮಕ್ಳು ಯಾರೂ ಹೋಗಂಗಿಲ್ಲ, ಅದು ಹೆಣ್ಮಕ್ಳ ದಾರಿ. ಹೇಳಿ ತಂಬಾಕು ಉಗುಳಿದ, ಕುರಿಯ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ, ಅದಕ್ಕಿಂತ ಹೆಚ್ಚು ಒಬ್ಬ ಮರ್ಯಾದಸ್ಥ ಮುದುಕ ಇನ್ನೇನು ಹೇಳಬೇಕಿತ್ತು, ಹೆಸರಿಟ್ಟು ಹೇಳಬೇಕಿತ್ತೇ? ನಾನು ನೋಟುಬುಕ್ಕು ತೆಗೆದು ಬರೆದೆ, ಸೌದೆ ತರುವ ಹೆಂಗಸರ ದಾರಿ, ಒಂದೂವರೆ ಕಿಲೋಮೀಟರ್, ಅತಿ ಶಾಂತ, ಗರಸು ಗಟ್ಟಿ, ಅತ್ಯುತ್ತಮ. ಅತ್ಯುತ್ತಮ ಎಂಬುದರ ಕೆಳಗೆ ಗೆರೆ ಎಳೆದೆ. ಸೌದೆ ಎಂದು ಅವನು ಹೇಳಿರಲಿಲ್ಲ, ಸೌದೆ ನನ್ನದು, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿದ ಹಾಗೆ ತುಂಬಿದೆ. ಮನೆಗೆ ಬಂದು ಕೌಸರಗೆ ತೋರಿಸಿದೆ, ನನ್ನ ಹೆಂಡತಿ ಹಿರೇಕೆರೂರ ಕಡೆಯ ಹಳ್ಳಿಯವಳು, ಒಲೆಯ ಮುಂದೆ ರೊಟ್ಟಿ ತಿರುವಿ ಹಾಕುತ್ತ ಕೇಳಿದಳು, ಹೆಂಗಸ್ರ ದಾರಿ ಅಂದಾರಂದ್ರ ಹೆಂಗಸ್ರನ್ನ ಕೇಳಿದ್ರೇನು? ನಾನೆಂದೆ, ಪರ ಊರಾಗ ಹೋಗಿ ಹೆಣ್ಮಕ್ಕಳನ್ನ ನಿಲ್ಲಿಸಿ ಮಾತಾಡಸ್ಲೇನು, ಮರ್ಯಾದಿ ಬ್ಯಾಡೇನು? ಅವಳು ರೊಟ್ಟಿ ಬಡಿದಳು. ಎಂಥ ಮರ್ಯಾದೆ ನನ್ನದು, ಥೂ, ಕೇಳುವುದು ಮರ್ಯಾದೆಗೇಡು, ಕೇಳದೆ ಮೂರು ಸೈಕಲ್ಲು ನುಗ್ಗಿಸುವುದು ಮರ್ಯಾದೆ.

ಇನ್ನೊಂದು ಸಂದಿ, ಇನ್ನೊಂದು. ಇದು ಲೋಹಿತನ ಜೊತೆ ಬಂದ ಶ್ವೇತಾಳ ಸೈಕಲ್, ಇದರ ಟಾಯರಿನಲ್ಲಿ ಅಷ್ಟಿಲ್ಲ, ಅವಳು ಅಲ್ಲಿ ಇಳಿದು ಕೆಳಗೆ ನೋಡುತ್ತ ತಳ್ಳಿಕೊಂಡು ಬಂದಳಂತೆ, ಮೂರನೆಯವನಾದ ಪ್ರಭುವಿನದು ಆಗಲೇ ತೊಳೆದಿಟ್ಟೆ, ಪ್ರಭು ಮಾತೇ ಆಡದ ಮನುಷ್ಯ, ಎಲ್ಲದಕ್ಕೂ ನಗುತ್ತಾನೆ. ನಸುಕಿನಲ್ಲಿ ಹಾನಗಲ್ಲಿನ ಕಡೆಯಿಂದ ಮರಳುವಾಗ ನಾನು ಅವರ ಜೊತೆ ಇರಲಿಲ್ಲ, ಸಾಮಾನಿನ ಗಾಡಿಯನ್ನು ಡಾಂಬರು ರಸ್ತೆಯಲ್ಲಿ ತಂದು ಈ ಗೊಟಗೋಡಿಯ ಕಡೆಯ ತೋಟದಲ್ಲಿ ನೀರು ಕಾಯಿಸಿ ಕೂತಿದ್ದೆ, ಏಳೂವರೆಗೆ ಬಂದರು, ಲೋಹಿತ ಹೆಲ್ಮೆಟ್ ತೆಗೆಯುತ್ತಲೇ, ಏನ್ ರೂಟ್ ಭಾಯ್, ಫಸ್ಟ್ ಕ್ಲಾಸ್, ಒಂದ್ ಕಡೆ ಬಿಟ್ಟು! ಎಂದ, ಪ್ರಭು ನಕ್ಕ, ಶ್ವೇತಾ ನಗಲಿಲ್ಲ, ನೇರ ನಳಕ್ಕೆ ಹೋಗಿ ಮುಖ ತೊಳೆದಳು, ಮತ್ತೆ ತೊಳೆದಳು. ಆಮೇಲೆ ಲೋಹಿತ ಮಿರ್ಚಿ ತಿನ್ನುತ್ತಲೇ ಹೆಲ್ಮೆಟ್ಟಿನ ಮೇಲಿನ ಕ್ಯಾಮೆರಾ ಬಿಚ್ಚಿ ಬೆಂಕಿಪೆಟ್ಟಿಗೆಯಷ್ಟು ಪರದೆಯಲ್ಲಿ ತೋರಿಸಿದ, ನೋಡ್ರಿಲ್ಲೆ, ಪರೇಡ್, ಗಾರ್ಡ್ ಆಫ್ ಆನರ್, ಎಲ್ಲಾರೂ ಎದ್ದು ನಿಂತ್ಬಿಟ್ರು. ಲಂಟಾನದ ಪೊದೆಗಳ ನಡುವಿನಿಂದ ಹೆಂಗಸರು ಎದ್ದರು, ಒಬ್ಬಳು, ಇಬ್ಬರು, ಏಳೆಂಟು ಜನ, ಎದ್ದು ಬೆನ್ನು ತಿರುಗಿಸಿ ನಿಂತರು, ನಾನು ಮುಖ ತಿರುಗಿಸಿದೆ, ಆದರೆ ತಿರುಗಿಸುವುದಕ್ಕೆ ಮೊದಲು ನೋಡಿದ್ದೆ. ಶ್ವೇತಾ ಹೇಳಿದಳು, ಲೋಹಿತ, ಅದನ್ನ ತಗದು ಹಾಕು ಅಂದೆ ನಾ. ಬ್ಲರ್ ಮಾಡ್ತೇನಿ ಬಿಡ. ಬ್ಲರ್ ಯಾಕ ಮಾಡ್ತಿ, ಇಟ್ಕೊಳ್ಳೂದರ ಯಾಕ? ಅಯ್ಯ, ರಿಯಲ್ ಇಂಡಿಯಾ ಐತಿ ಅದು, ಪೇಜ್‌ದಾಗ ಹಾಕಿದ್ರ ಎಷ್ಟ ಮಂದಿ ನೋಡ್ತಾರ ಗೊತ್ತೇನು, ಮ್ಯಾಲೊಂದು ಸ್ವಚ್ಛತಾ ಅಂತ ಬರದು ಹಾಕ್ತೇನಿ. ಅವನ ಬೆರಳಿಗೆ ಎಣ್ಣೆ, ಪರದೆಯ ಮೇಲೆ ಎಣ್ಣೆಯ ಕಲೆ, ಕಲೆಯ ಕೆಳಗೆ ಆ ಹೆಂಗಸರು, ಮಿರ್ಚಿಯ ಎಣ್ಣೆ, ನನಗೆ ಮೊದಲು ಓಕರಿಕೆ ಬಂದದ್ದು ಆಗ, ಟಾಯರ್ ನೋಡಿ ಅಲ್ಲ.

ಗಂಟೆ ಇದ್ದಿದ್ದರೆ. ಊರಿನ ಹೆಂಗಸರಿಗೆ ಯಾರಾದರೂ ಬರುವುದು ಸಪ್ಪಳದಿಂದಲೇ ಗೊತ್ತಾಗುತ್ತದೆ, ಕೌಸರ ಒಮ್ಮೆ ಹೇಳಿದ್ದಳು, ಅವಳ ತವರಿನಲ್ಲಿ ಹಾಲಿನವನು ಆ ಹೊತ್ತಿಗೆ ಅಕಸ್ಮಾತ್ ಅತ್ತ ಹಾಯಬೇಕಾದರೆ ಅರ್ಧ ಫರ್ಲಾಂಗ್ ದೂರದಿಂದಲೇ ಕೆಮ್ಮುತ್ತ, ಕ್ಯಾನು ಬಡಿಯುತ್ತ, ಯಾರನ್ನೋ ಸುಳ್ಳೇ ಬೈಯುತ್ತ ಬರುತ್ತಿದ್ದನಂತೆ, ಅಷ್ಟರಲ್ಲಿ ಎಲ್ಲರೂ ಎದ್ದು ಸೀರೆ ಸರಿಮಾಡಿಕೊಂಡು ನಿಂತಿರುತ್ತಿದ್ದರು, ಅವನು ಕಾಲಿನ ಹೆಬ್ಬೆರಳು ನೋಡುತ್ತ ದಾಟುತ್ತಿದ್ದ, ಇದು ಬರೆದಿಟ್ಟ ಕಾಯಿದೆಯಲ್ಲ, ಗೊತ್ತಿರುವವರಿಗೆ ಗೊತ್ತು. ಈ ಮೂರು ಸೈಕಲ್ಲುಗಳ ಗಂಟೆ ಬಿಚ್ಚಿದವನು ನಾನು, ಗರಸಿನ ಮೇಲೆ ಗಂಟಿ ತಾನ ಬಾರಸ್ತೇತಿ ಭಾಯ್, ತಗದು ಹಾಕ್ರಿ ಎಂದ ಲೋಹಿತ, ಅಬ್ಬಾ ಗೊಣಗಿದರು, ಗಂಟಿ ಇಲ್ಲದ ಸೈಕಲ್ ನನ್ನ ಅಂಗಡಿಯಿಂದ ಹೊರಗ ಹೋಗಬಾರದು, ನಾನು ಇದು ಬೇರೆ ಜಾತಿಯ ಸೈಕಲ್ಲು ಅಬ್ಬಾ ಎಂದೆ. ಬರೀ ಗಂಟೆಯಲ್ಲ, ಚೈನಿಗೆ ಮೇಣ ಹಾಕಿದೆ, ಬ್ರೇಕಿನ ಕೀರಲು ತೆಗೆದೆ, ಕಿವಿಯಿಟ್ಟು ಕೇಳಿ ಕೇಳಿ ಒಂದೊಂದೇ ಸಪ್ಪಳ ಹುಡುಕಿ ಕೊಂದೆ, ಬೆಕ್ಕಿನಂಗ ಹೋಗ್ತಾವು ನೋಡ್ರಿ ಎಂದು ನಾನೇ ಹೇಳಿದೆ. ಬೆಕ್ಕಿನಂತೆಯೇ ಹೋದವು. ಪೊದೆಯ ತಿರುವಿನಲ್ಲಿ ಒಮ್ಮೆಲೇ ಮೂರು ಬೆಳಕು.

ಬೀರಪ್ಪನ ಫೋನು ಬಂದದ್ದು ಎರಡನೆಯ ಟಾಯರ್ ತೊಳೆಯುವಾಗ, ಕೈ ಒದ್ದೆ, ಅಂಗಿಗೆ ಒರಸಿಕೊಂಡು ಎತ್ತಿದೆ, ನಂಬರು ನಾನೇ ಕೊಟ್ಟಿದ್ದೆ, ಏನಾದರೂ ತೊಂದರೆಯಾದರೆ ಫೋನ್ ಮಾಡ್ರಿ ಕಾಕಾ ಎಂದು, ನನ್ನಂಥ ಜವಾಬ್ದಾರಿಯ ಮನುಷ್ಯ. ಸಾಬ್ರ, ಇದೇನ್ರಿ ಇದು. ಕಾಕಾ — ಮಾಫಿ ಎಂದು ಶುರು ಮಾಡಿದೆ, ಅವನು ನಿಲ್ಲಿಸಲಿಲ್ಲ, ಸಿಟ್ಟೂ ಮಾಡಲಿಲ್ಲ, ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ತಲಿಮ್ಯಾಲ ಕಣ್ಣ ಇತ್ತಂತ, ಕೆಂಪಗ ಮಿಣಕ್ ಮಿಣಕ್ ಅಂತಿತ್ತಂತ, ನಮ್ಮ ಮನ್ಯಾಗಿನಕಿ ಹೇಳಿದ್ಲು, ಫೋಟೋ ಹೊಡದಾರೇನ್ರಿ? ಹುಡ್ಗೂರ ಕೈಯಾಗ ಫೋನ್ ಅದಾವ್ರಿ ಊರಾಗ, ಸಂಜೀಕ ಎಲ್ಲಾರ ಫೋನಿಗೆ ಬರ್ತೇತಿ ಅದು, ಹಿಂಗ ಅಂತ ಗೊತ್ತಾದ್ರ ನಾಳಿಂದ ಅವ್ರು ಎಲ್ಲಿ ಹೋಗಬೇಕ್ರಿ? ಈಗಾಗಲೇ ಹೆಣ್ಮಕ್ಳು ಎಲ್ಲಾ ಕೂಡಿ ನಿಮ್ಮ ಸುಣ್ಣದ ಕಲ್ಲ ತಿರುವಿ ಹಾಕ್ಯಾರ, ಅದು ಆತು, ಇದನ್ನ ನೀವು ನೋಡ್ರಿ, ನೀವು ತಿಳದವ್ರು. ತಿಳಿದವರು ಎಂದ. ಫೋನು ಇಟ್ಟ. ನನ್ನ ಅಂಗಿಯ ಮೇಲೆ ನಾಲ್ಕು ಬೆರಳಿನ ಒದ್ದೆ ಗುರುತು, ಅದರಿಂದಲೂ ಅದೇ ವಾಸನೆ.

ಕ್ಯಾಮೆರಾ ಇಲ್ಲೇ ಇದೆ, ಟಾಕಿಯ ಕಟ್ಟೆಯ ಮೇಲೆ, ಹೆಲ್ಮೆಟ್ಟಿನೊಳಗೆ, ಅದನ್ನೂ ಒರಸಿಬಿಡ್ರಿ ಭಾಯ್ ಎಂದು ಲೋಹಿತನೇ ಇಟ್ಟುಹೋದ. ಕೈ ತೊಳೆದೆ, ಮತ್ತೆ ತೊಳೆದೆ, ಎತ್ತಿಕೊಂಡೆ. ಮೂವತ್ತು ವರ್ಷದ ಅಂಗಡಿ, ಗಿರಾಕಿಯ ಒಂದು ವಾಲ್ವಿನ ಟೊಪ್ಪಿಗೆಯನ್ನೂ ಇಟ್ಟುಕೊಂಡವರಲ್ಲ ನಾವು, ಇನ್ನೊಬ್ಬರ ವಸ್ತು, ಅದರಲ್ಲಿ ಅವರ ಎರಡು ದಿನದ ಚಿತ್ರ, ಬಂಕಾಪುರದ ನವಿಲು, ಹಾನಗಲ್ಲಿನ ಕೆರೆಯ ಮೇಲಿನ ಸೂರ್ಯ, ಎಲ್ಲವನ್ನೂ ಕೆಡಿಸುವ ಹಕ್ಕು ನನಗೆಲ್ಲಿದೆ, ಅದೊಂದನ್ನೇ ತೆಗೆದರೆ ಸಾಕಲ್ಲ. ಪರದೆಯ ಮೇಲೆ ಸಾಲಾಗಿ ಹದಿನಾಲ್ಕು ಚೌಕ, ಹದಿನಾಲ್ಕರಲ್ಲೂ ಅದೇ ಕೆಂಪು ದಾರಿ, ಅದೇ ಹ್ಯಾಂಡಲ್ಲು, ಯಾವುದು ಅದು ಎಂದು ಗೊತ್ತಾಗಬೇಕಾದರೆ ತೆರೆದು ನೋಡಬೇಕು. ತೆಗೆಯಬೇಕಾದರೆ ನೋಡಬೇಕು. ನೋಡಿದರೆ ನಾನೂ — ಒಂದು ತೆರೆದೆ, ಕಾಲುವೆಯ ಏರಿ, ಮುಚ್ಚಿದೆ, ಇನ್ನೊಂದು, ನವಿಲು, ಮುಚ್ಚಿದೆ, ಮೂರನೆಯದು ಅದೇ. ಮುಚ್ಚಬೇಕಿತ್ತು, ಬೆರಳು ಪರದೆಯ ಮೇಲೆ ಇತ್ತು, ಒತ್ತಲಿಲ್ಲ, ಒದ್ದೆ ಬೆರಳಿಗೆ ಪರದೆ ಓಗೊಡಲಿಲ್ಲ ಎಂದು ಹೇಳಿಕೊಳ್ಳುತ್ತೇನೆ, ಬೆರಳು ಒಣಗಿತ್ತು, ಒರಸಿಕೊಂಡಿದ್ದೆನಲ್ಲ. ಹೆಂಗಸರು ಎದ್ದರು, ಬೆನ್ನು ತಿರುಗಿಸಿದರು, ಕ್ಯಾಮೆರಾ ಅವರನ್ನು ದಾಟಿ ತಿರುವಿಗೆ ಬಂತು, ತಿರುವಿನಲ್ಲಿ ಒಬ್ಬ ಮುದುಕಿ, ಒಂದು ಕೈ ನೆಲಕ್ಕೆ ಊರಿ ಏಳಲು ನೋಡಿದಳು, ಏಳಲಾಗಲಿಲ್ಲ, ಮೊಣಕಾಲಿನ ನೋವಿರಬೇಕು, ಮತ್ತೆ ಊರಿದಳು, ಆಗಲಿಲ್ಲ, ಬೆಳಕು ಮೇಲೆಯೇ ಬಂದಾಗ ಅವಳು ನೆಲದ ಕೈ ಎತ್ತಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಮುಖದ ಮೇಲೆ. ಬೇರೆ ಏನನ್ನೂ ಮುಚ್ಚಿಕೊಳ್ಳಲಿಲ್ಲ, ಮುಖ ಮಾತ್ರ, ಕೂತಲ್ಲೇ, ಕಲ್ಲಿನಂತೆ. ಬಿಳಿ ಅಂಚಿನ ಸೆರಗು. ಹಿಂದೆ ಲೋಹಿತನ ದನಿ, ಓ ಅಜ್ಜೀ, ಗುಡ್ ಮಾರ್ನಿಂಗ್.

ಒಂದನ್ನೇ ಅಳಿಸಿದರೆ ಮತ್ತೆ ತೆಗೆಯಬಹುದು, ಅಳಿಸಿದ ಮದುವೆಯ ಫೋಟೋಗಳನ್ನು ಹೊರಗೆ ತೆಗೆದುಕೊಡುವ ಅಂಗಡಿ ಹುಬ್ಬಳ್ಳಿಯಲ್ಲಿ ನಾನು ದುಡಿಯುತ್ತಿದ್ದಲ್ಲಿ ಎದುರಿಗೇ ಇತ್ತು, ನನಗೆ ಗೊತ್ತು. ಉಗುರಿನಿಂದ ಮೆಮರಿ ಕಾರ್ಡು ಹೊರಗೆಳೆದೆ, ಕಿರುಬೆರಳಿನ ಉಗುರಿನಷ್ಟಿದೆ, ತಂತಿ ಕತ್ತರಿಸುವ ಪಕ್ಕಡದ ಬಾಯಿಗೆ ಕೊಟ್ಟು ಹಿಡಿಕೆ ಒತ್ತಿದೆ, ಟಕ್, ಎರಡಾಯಿತು, ಎರಡನ್ನೂ ಮತ್ತೆ ಕೊಟ್ಟೆ, ನಾಲ್ಕಾಯಿತು, ನವಿಲೂ ಹೋಯಿತು, ಸೂರ್ಯನೂ ಹೋದ. ಒಳಗೆ ಹೋದೆ. ತಟ್ಟೆಗಳಲ್ಲಿ ತಣ್ಣಗಾದ ಮಂಡಕ್ಕಿ, ಕಡಿದು ಬಿಟ್ಟ ಮೆಣಸಿನಕಾಯಿಯ ತೊಟ್ಟು, ಚೂರುಗಳನ್ನು ಮೇಜಿನ ಮೇಲಿಟ್ಟು, ಮಾಫಿ ಇರ್ಲಿ, ಮುರದೇನಿ, ಹೊಸಾದು ತಂದು ಕೊಡ್ತೇನಿ ಎಂದೆ. ಲೋಹಿತ ಚೂರು ನೋಡಿದ, ನನ್ನನ್ನು ನೋಡಿದ. ಏನ್ ತಲಿ ಕೆಟ್ಟೇತೇನ್ರಿ ನಿಮಗ? ಎರಡು ದಿನದ ಶೂಟಿಂಗ್ ಅದು! ಅಲ್ಲ, ನಾವೇನು ಬೇಕಂತ ಹೋದ್ವಾ ಅಲ್ಲಿಗೆ? ದಾರಿ ತೋರಿಸಿದವ್ರು ಯಾರು? ಅತ್ಯುತ್ತಮ ಅಂತ ಬರದವ್ರು ಯಾರು? ನಾನು ಅಂದೆ, ನಾನು. ಹಂಗಿದ್ರ ನನ್ನ ಮ್ಯಾಲೆ ಯಾಕ ಸಾಚಾತನ ತೋರಸ್ತೀರಿ? ಅವನ ಮಾತಿನಲ್ಲಿ ಸುಳ್ಳಿಲ್ಲ, ಅದೇ ಹೇಸಿಗೆ, ಅವನನ್ನು ಹೇಸಿಕೊಂಡು ಮುಗಿಸಲು ಆಗುವುದಿಲ್ಲ, ಆ ಮಧ್ಯಾಹ್ನ ಆ ದಾರಿಯಲ್ಲಿ ನಾನು ಮೂಗಿಗೆ ಕರವಸ್ತ್ರ ಹಿಡಿದಿದ್ದೆ, ಧೂಳು ಎಂದುಕೊಂಡಿದ್ದೆ, ಗರಸಿನ ದಾರಿಯಲ್ಲಿ, ಗಾಳಿ ಇಲ್ಲದ ಮಧ್ಯಾಹ್ನ, ಎಲ್ಲಿಯ ಧೂಳು. ಶ್ವೇತಾ ಎದ್ದು ಬಂದು ಲೋಹಿತನ ಮುಂದೆ ಕೈ ಚಾಚಿದಳು, ಫೋನ್ ಕೊಡು. ಯಾಕ? ಕೊಡು, ಅದರಾಗ ಇಳಿಸೀಯೇನು ನೋಡ್ತೇನಿ. ಇಳಿಸಿಲ್ಲ ಮಾರಾಯ್ತಿ. ಹಂಗಾರ ಕೊಡಾಕ ಏನಾಗೇತಿ? ಕೊಟ್ಟ. ಅವಳು ಬೆರಳಾಡಿಸಿ ಬಹಳ ಹೊತ್ತು ನೋಡಿದಳು, ಪ್ರಭು ಮೊದಲ ಸಲ ನಗಲಿಲ್ಲ, ತಟ್ಟೆಯನ್ನು ಸರಿಸಿ ಕೂತ. ಇಲ್ಲ ಮುಜಮ್ಮಿಲಣ್ಣ, ಇದರಾಗ ಇಲ್ಲ, ಎಲ್ಲೂ ಇಲ್ಲ.

ಎಲ್ಲೂ ಇಲ್ಲ. ಬೀರಪ್ಪನಿಗೆ ಫೋನು ಮಾಡಿ ಹೇಳಿದೆ, ಮುರದೇನಿ ಕಾಕಾ, ನಾಲ್ಕ ಚೂರ ಮಾಡೇನಿ. ಚೊಲೋ ಆತು, ಎಂದ, ಆಮೇಲೆ ಕೇಳಿದ, ಯಾರೂ ನೋಡಿಲ್ಲಲ್ರಿ ಅದನ್ನ? ಇಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು, ಮಾಫಿ ಕೂಡ ಕೇಳದೆ ಬಂತು. ಕೇಳಬಾರದಾಗಿತ್ತು, ಕೇಳಿಯೂ ಬಿಟ್ಟೆ, ಕಾಕಾ, ತಿರುವಿನ್ಯಾಗ ಒಬ್ಬ ಅಜ್ಜಿ ಇದ್ಲಲ್ಲ, ಮೊಣಕಾಲ ನೋವಿನಾಕಿ, ಆಕಿ ಯಾರು, ಹೋಗಿ ಕಾಲಿಗೆ ಬೀಳಬೇಕಂತ — ಮಾತು ಬಾಯಿಂದ ಹೋದ ಮೇಲೆ ತಿಳಿಯಿತು, ನೋಡಿಲ್ಲ ಎಂದವನಿಗೆ ತಿರುವು ಹೇಗೆ ಗೊತ್ತು, ಮೊಣಕಾಲು ಹೇಗೆ ಗೊತ್ತು. ಅತ್ತ ಕುರಿಗಳ ಸಪ್ಪಳ. ಯಾರಂತ ತಿಳ್ಕೊಂಡು ಏನ್ ಮಾಡ್ತೀರಿ ಸಾಬ್ರ, ಎಂದ, ಆಕಿ ಮಾರಿ ಮುಚ್ಗೊಂಡಾಳಲ್ಲ. ಫೋನು ಇಟ್ಟ. ಪೈಪು ಬಂದ್ ಮಾಡಿರಲಿಲ್ಲ, ನೀರು ಹರಿದು ಚಪ್ಪಲಿಯ ಕೆಳಗೆ ಬಂದಿದೆ, ಬಂದ್ ಮಾಡುತ್ತೇನೆ, ಲೋಹಿತನ ಸೈಕಲ್ಲಿನ ಹಿಂದಿನ ಟಾಯರ್ ಇನ್ನೂ ಇದೆ, ಬ್ರಷ್ಷು ಎತ್ತಿಕೊಳ್ಳುತ್ತೇನೆ, ಮೊದಲ ಹಲ್ಲು, ಎರಡನೆಯದು, ಕಾರ್ಡು ಇಲ್ಲ, ಫೋನಿನಲ್ಲಿ ಇಲ್ಲ, ಈಗ ಅದು ಇರುವುದು ಒಂದೇ ಕಡೆ, ಇಲ್ಲಿ, ಈ ತಲೆಯೊಳಗೆ, ಇದಕ್ಕೆ ಪಕ್ಕಡ ಇಲ್ಲ, ಮೂರನೆಯ ಹಲ್ಲು, ಕೈ ಊರಿದಳು, ಆಗಲಿಲ್ಲ, ಸೆರಗು ಎಳೆದುಕೊಂಡಳು, ಅವಳ ಮೂಗು ಹೇಗಿತ್ತು, ಕಣ್ಣು ಹೇಗಿತ್ತು, ಹಣೆಯ ಮೇಲೆ ಕುಂಕುಮ ಇತ್ತೋ ಇಲ್ಲವೋ, ನಾಳೆ ಶಿಗ್ಗಾವಿ ಸಂತೆಯಲ್ಲಿ ನನ್ನ ಎದುರಿಗೇ ಬಂದು ನಿಂತು ದಾರಿ ಕೇಳಿದರೂ ಇವಳೇ ಎನ್ನಲಾರೆ, ಮತ್ತೆ ನೆನೆದರೂ ಅಷ್ಟೇ, ಕೈ ಊರಿದಳು, ಆಗಲಿಲ್ಲ, ಬಿಳಿ ಅಂಚಿನ ಸೆರಗು, ಮುಖದ ಮೇಲೆ, ಸೆರಗು — ಅವಳು ಯಾರೆಂದು ನನಗೆ ಗೊತ್ತಿಲ್ಲ.